ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಹಸಿ ಸುಣ್ಣದ ವಾಸನೆ, ಯಾದಗಿರಿಯ ಆಸ್ಪತ್ರೆಯ ಗೋಡೆಗೆ ಯಾರೋ ಸುಣ್ಣ ಬಳಿಯುತ್ತಿದ್ದರು, ಬಳಿದದ್ದು ಒಣಗುವುದನ್ನೇ ನೋಡುತ್ತ ಮಲ್ಕಪ್ಪ ಕೂತಿದ್ದಾಗ ನರ್ಸಮ್ಮ ಬಂದು, ಯಜಮಾನ್ರ, ನಿಮ್ಮ ಮನಿಯವ್ರು ಹೋದ್ರಿ, ಅಂದಳು, ಎಲ್ಲಿಗೆ ಎಂದು ಕೇಳಬೇಕೆನಿಸಿತು, ಗಾಡಿಯ ಕೀಲಿಗಾಗಿ ಜೇಬು ತಡಕಿದ — ಅದು ಬೆಳಗಿನ ಮಾತು, ಈಗ ಮಧ್ಯಾಹ್ನ, ಕಾಲುವೆಯ ಏರಿ ಹತ್ತಿ ಇಳಿದರೆ ಅವರ ಊರು ಶಿರವಾಳ, ಆದರೆ ಏರಿಯ ಬುಡದಲ್ಲೇ ಪಿಕಪ್ ನಿಂತಿದೆ, ಹಿಂದಿನ ತೊಟ್ಟಿಯಲ್ಲಿ ಹೆಂಡತಿ ರೇಣಮ್ಮ ಮಲಗಿದ್ದಾಳೆ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ತಮ್ಮ ಅಮೋಘಸಿದ್ದ ಕೂತಿದ್ದಾನೆ, ಎಕ್ಸಿಲೇಟರ್ ಒತ್ತಿದರೆ ಎಂಜಿನ್ ಅರಚುತ್ತದೆ, ಚಕ್ರ ಅಲುಗುವುದಿಲ್ಲ, ಗೇರು ಹಿಡಿಯುತ್ತಿಲ್ಲ. ಮಾವಾ, ಇದು ಬ್ಯಾಡ, ಅಂದ ಅಮೋಘಸಿದ್ದ, ಚಂದ್ರಾಮಪ್ಪನ ಟ್ರ್ಯಾಕ್ಟರ್ ತರಸ್ತೀನಿ, ಅಕ್ಕನ್ನ ಅದರಾಗ ಒಯ್ಯೂಣ, ಟ್ರ್ಯಾಕ್ಟರ್ ಯಾರ್ ಹೊಡಿತಾರ, ಮಲ್ಕಪ್ಪ ಕೇಳಿದ, ಅವನ ಮಗ ಹೊಡಿತಾನ, ನಾ ಏನ್ ಮಾಡ್ಲಿ, ನೀ ಹಿಂದ ಕುಂದ್ರು, ಹಿಂದ ಕುಂತು ಬರಾಕ ನಾ ಬೀಗನೇನು ತಮ್ಮಾ, ಗಂಡ ಇದ್ದೀನಿ.

ಮಲ್ಕಪ್ಪನ ಎಡಗಾಲು — ಇದೇ ಕಾಲುವೆಗೆ ಬಂಡೆ ಸಿಡಿಸುವಾಗ ಮೊಣಕಾಲಿನ ಕೆಳಗೆ ಸತ್ತುಹೋದ ಎಡಗಾಲು, ಕ್ಲಚ್ ತುಳಿಯಲಾಗದ ಡ್ರೈವರನಿಗೆ ಗಾಡಿ ಯಾರು ಕೊಡುತ್ತಾರೆ, ಕಾಲುವೆ ಕ್ಯಾಂಪಿನ ಹರಾಜಿನಲ್ಲಿ ಈ ಹಳೆಯ ಪರದೇಶಿ ಪಿಕಪ್ ನಿಂತಿತ್ತು, ಕ್ಲಚ್ಚೇ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ, ಜನ ನಕ್ಕರು, ರೇಣಮ್ಮ ಬಗ್ಗಿ ನೋಡಿ, ಎಡಗಾಲಿಗೆ ಕೆಲಸನ ಇಲ್ಲಲ್ಲ ಇದರಾಗ, ತಗೋರಿ, ಅಂದಳು, ಹನ್ನೊಂದು ವರ್ಷ ಸುರಪುರದ ಸಂತೆಗೆ ಕುರಿ ಒಯ್ದದ್ದು ಇದರಲ್ಲೇ, ಶಹಾಪುರದ ಮೇಸ್ತ್ರಿ ಬಾಷುಮಿಯಾ ಗೇರಿನ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿ, ಇದರ ಸಾಮಾನು ಈ ಮುಲ್ಕಿನಾಗ ಸಿಗಂಗಿಲ್ಲ ಮಲ್ಕಪ್ಪಣ್ಣ, ಕೋಳಿಗೂಡು ಮಾಡ್ಕೋ, ಅಂದಾಗ ಅವಳು, ಕೋಳಿ ನೀ ಸಾಕು ಮಿಯಾ, ಎಣ್ಣಿ ನಾ ನೋಡ್ಕೋತೀನಿ, ಅಂದಳು, ನೋಡಿಕೊಂಡಳು, ಎಂಜಿನ್ ನಡೆಯುತ್ತಿರುವಾಗಲೇ ಗೇರಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ಮೂಸುವಳು, ಎಣ್ಣೆ ಕೆಂಪಗಿದ್ದರೆ ಹೊರಡು, ಕಂದಿದ್ದರೆ, ಸುಟ್ಟ ವಾಸನಿ ಬರಾಕತ್ತದ, ನಿಲ್ಲಸ್ರಿ, ಆರಲಿ — ಜಾಲಿಯ ನೆರಳಲ್ಲಿ ಕುರಿಗಳ ಜೊತೆ ಇಬ್ಬರೂ ಕೂತು ಕಾಯಬೇಕು.

ಈಗ ಅವನೇ ಕಡ್ಡಿ ಎಳೆದು ಮೂಸಿದ, ಏನೂ ತಿಳಿಯಲಿಲ್ಲ, ಕ್ಯಾನಿನಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಗೇರಿಗೆ ಸುರಿದ, ಆರಲು ಬಿಟ್ಟ, ಮತ್ತೆ ಹತ್ತಿ ಕೂತು ಗೇರನ್ನು ಮುಂದಕ್ಕೆ ಹಾಕಿದ, ಅದೇ ಅರಚಾಟ, ಸಿಟ್ಟಿಗೆ ಹಿಂದಕ್ಕೆ ಹಾಕಿದ — ಗಾಡಿ ತಟ್ಟನೆ ಜಗ್ಗಿತು. ಹಿಂದಕ್ಕೆ ಹಿಡಿಯುತ್ತದೆ. ಹೊಲದಲ್ಲಿದ್ದ ನಾಲ್ಕು ಮಂದಿಯನ್ನು ಕರೆದ, ಅವರು ನೂಕಿ ನೂಕಿ ಗಾಡಿಯ ಬೆನ್ನನ್ನು ಏರಿಯ ಕಡೆಗೆ ತಿರುಗಿಸಿದರು, ಹಿಂದ್ಮುಂದ ಮಾಡಿ ಹೆಣ ಒಯ್ತಾರೇನ್ ಮಾವಾ, ಊರ ಮಂದಿ ಏನಂದಾರು, ಅನ್ನಲಿ, ನಕ್ಕಾಗನೂ ತಗೊಂಡೀವಿ, ಅಕಿ ತಲಿ ಗಟ್ಟಿ ಹಿಡಕೋ. ಕತ್ತು ಹೊರಳಿಸಿ ಹಿಂದಿನ ಕಿಟಕಿಯ ಗಾಜಿನಲ್ಲಿ ನೋಡುತ್ತ ಬಲಗಾಲು ಒತ್ತಿದ, ಗಾಡಿ ಏರತೊಡಗಿತು, ತೊಟ್ಟಿ ಎತ್ತರವಾದಂತೆ ತಮ್ಮನ ತೊಡೆಯ ಮೇಲಿನ ಅವಳ ಮುಖ ಅವನ ಕಣ್ಣಿನ ಸಮಕ್ಕೆ ಬಂತು, ಇಷ್ಟು ವರ್ಷ ಅವಳು ಪಕ್ಕದಲ್ಲಿ ಕೂತಿದ್ದಳು, ಗಾಡಿ ಹೊಡೆಯುವವನಿಗೆ ಪಕ್ಕಕ್ಕೆ ನೋಡಲು ಪುರಸೊತ್ತೆಲ್ಲಿ, ರಸ್ತೆ ನೋಡಬೇಕು, ಇವತ್ತು ರಸ್ತೆ ಇರುವ ಕಡೆಗೇ ಅವಳು, ಗಾಜಿನಲ್ಲಿ ಅವಳ ಮುಖ, ಹಣೆಯ ಮೇಲೆ ಮನೆದೇವರು ಮಲ್ಲಯ್ಯನ ಅರಿಶಿನ-ಭಂಡಾರ, ಆಚೆ ಕಾಲುವೆಯ ನೀರು, ಮತ್ತೆ ಅವಳ ಮುಖ — ಮಲ್ಲಯ್ಯಾ, ಕುರಿ ಹಿಂದ ಬಾಳ ನಡದಾಳ, ಇನ್ನ ಕುಂದ್ರಸು, ನೆಳ್ಳಾಗ ಕುಂದ್ರಸು ತಂದಿ — ಅವಳ ಮುಖ — ತಣ್ಣಗ ಇಡು.