ಗಂಡಿನ ಕಡೆಯವರು

ಮಡಕೆಯೊಳಗೆ ಇವತ್ತೂ ಯಾರೂ ಇರಲಿಲ್ಲ. ಶಿವನಂಜಪ್ಪ ಮಂಡಿಯೂರಿ ಇಣುಕಿದ. ಒಂದು ಜಿರಲೆ ಹೊರಬಂದು ಹುಲ್ಲಿಗೆ ಹೋಯಿತು.

ಗಡಿಯಾಚೆಯ ಮಲಯಾಳಿ ಊರಾದ ಪುಲ್ಪಳ್ಳಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಈ ಮನುಷ್ಯ, ಕಪ್ಪೆಗಳು ಬರಲೆಂದು ಹಿತ್ತಿಲಲ್ಲಿ ಹೊಂಡ ತೋಡಿಸಿದ್ದ. ಹತ್ತಿ ಇಳಿಯಲು ಇಳಿಜಾರು, ಅಡಗಲು ಬಾಯೊಡೆದ ಮಡಕೆ, ನೆರಳಿಗೆ ಕೆಸು. ಗಿಡಗಳಿಗೆ ಔಷಧಿ ಹೊಡೆಯುವುದು ನಿಂತಿತ್ತು. ಕತ್ತಲಾದರೆ ಹಿತ್ತಿಲ ದೀಪ ಹಾಕಕೂಡದೆಂದು ಹೆಂಡತಿ ಭಾಗ್ಯಲಕ್ಷ್ಮಿಗೂ ಆಜ್ಞೆಯಾಗಿತ್ತು. ಸೊಳ್ಳೆಗಳು ಸಂಸಾರ ಸಮೇತ ಬಂದವು. ಕಪ್ಪೆ ಮಾತ್ರ ಬರಲಿಲ್ಲ.

ಸ್ಟಾಫ್ ರೂಮಿನಲ್ಲಿ ಅವನು ಬಂದು ಕೂತರೆ ಉಳಿದವರಿಗೆ ಕ್ಲಾಸು ನೆನಪಾಗುತ್ತಿತ್ತು. ಮನೆಯಲ್ಲಿ ಭಾಗ್ಯಲಕ್ಷ್ಮಿಗೆ ಒಲೆ ನೆನಪಾಗುತ್ತಿತ್ತು. ಯಾವುದಾದರೂ ಒಂದು ಜೀವ ತಾನಾಗಿ ತನ್ನ ಹತ್ತಿರ ಬರಲಿ ಎಂದು ಅವನಿಗೆ ನಾಚಿಕೆಯಾಗುವಷ್ಟು ಆಸೆಯಿತ್ತು.

ಬೇಲಿಯಾಚೆ ಮಾದಮ್ಮ ಬಂದು ನಿಂತಳು. ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ಮೆಣಸು ಬೆಳೆಯುವ ಮನೆಗಳಿಗೆಲ್ಲ ಅವಳೇ ಹಿರಿಯಳು.

“ಸಾರೇ, ಮೆಣಸಿನ ಬಳ್ಳಿ ಒಣಗ್ತಾ ಅವೆ. ಸಂಜೆ ಕಪ್ಪೆ ಮದುವೆ ಮಾಡ್ತೀವಿ. ಹೆಣ್ಣು ಸಿಕ್ತು. ನಿಮ್ಮಲ್ಲಿ ಬೇಕಾದಷ್ಟು ಅವೆಯಲ್ಲ, ಒಂದು ಗಂಡು ಕೊಡಿ.”

ಇಲ್ಲ ಅನ್ನಬಹುದಿತ್ತು.

“ಎಂಥದ್ದು ಬೇಕು?” ಎಂದ.

“ಗಂಡಾದ್ರೆ ಸಾಕು. ಜಾತಕ ಕೇಳಕಿಲ್ಲ.”

ಕರುಣಾಕರನ್‌ನ ಚಹಾ ಅಂಗಡಿಯ ಹಿಂದಿನ ಮೋರಿಯಲ್ಲಿ ಕಪ್ಪೆಗಳು ಎಂಜಲು ನೀರು ಕುಡಿದು ಹಾಯಾಗಿದ್ದವು. ಹೊಂಡವಿಲ್ಲ, ಕೆಸುವಿಲ್ಲ, ವಿಜ್ಞಾನವಿಲ್ಲ. ಕಾಲೇಜಿನಿಂದ ಬರುತ್ತ ಶಿವನಂಜಪ್ಪ ಪ್ಯಾಂಟು ಮಡಚಿ ಇಳಿದ.

“ಎಂದಾ ಸಾರೇ?” ಏನಾಯಿತೆಂದು ಕರುಣಾಕರನ್ ಇಣುಕಿದ.

“ಪೆನ್ನು ಬಿತ್ತು.”

ಪೆನ್ನು ಊಟದ ಡಬ್ಬಿಯೊಳಗೆ ಎಗರಾಡುತ್ತಿತ್ತು.

ಮದುವೆ ಚೆನ್ನಾಗಿಯೇ ಆಯಿತು. ಅರಿಸಿನ ಹಚ್ಚಿದರು, ಅಕ್ಷತೆ ಹಾಕಿದರು. ಗಂಡಿನ ಕಡೆಯವರೆಂದು ಅವನನ್ನೂ ಭಾಗ್ಯಲಕ್ಷ್ಮಿಯನ್ನೂ ಚಾಪೆಯ ಮೇಲೆ ಕೂರಿಸಿದರು. ಜನ ಅವನ ಪಕ್ಕದಲ್ಲೇ ಕೂತರು, ಯಾರೂ ಏಳಲಿಲ್ಲ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

“ಇನ್ನು ಹೆಣ್ಣನ್ನ ಗಂಡಿನ ಮನೆ ತುಂಬಿಸಬೇಕು,” ಎಂದಳು ಮಾದಮ್ಮ. ದಿಬ್ಬಣ ಅವನ ಹಿತ್ತಿಲಿಗೆ ಹೊರಟಿತು.

ಹೊಂಡದ ದಡದಲ್ಲಿ ಜೋಡಿಯನ್ನು ಬಿಟ್ಟರು. ಶಿವನಂಜಪ್ಪ ಮಡಕೆಯ ಬಾಯನ್ನು ಅವುಗಳತ್ತ ತಿರುಗಿಸಿದ. ಗಂಡು ನೀರು ನೋಡಿತು, ಮಡಕೆ ನೋಡಿತು, ಬೆನ್ನು ತಿರುಗಿಸಿ ಬೇಲಿಯತ್ತ ಕುಪ್ಪಳಿಸಿತು. ಹೆಣ್ಣೂ ಹಿಂದೆಯೇ ಹೋಯಿತು.

“ಮಿಕ್ಕವು ಎಲ್ಲಿ ಸಾರೇ?” ಮಾದಮ್ಮ ಕೇಳಿದಳು.

“ಒಳಗಿವೆ.”

“ಒಂದೂ ಇಲ್ಲ,” ಎಂದಳು ಭಾಗ್ಯಲಕ್ಷ್ಮಿ. “ಯಾವತ್ತೂ ಇರಲಿಲ್ಲ. ಇದು ಮೋರಿಯದು. ಡಬ್ಬಿ ತೊಳೆದವಳು ನಾನು.”

ಯಾರಾದರೂ ನಕ್ಕಿದ್ದರೆ ವಾಸಿಯಿತ್ತು. ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಯಿತು. ಎಲ್ಲರೂ ಹೋದರು. ಭಾಗ್ಯಲಕ್ಷ್ಮಿಯೂ ಒಳಗೆ ಹೋದಳು.

ಆಮೇಲೆ ಮಳೆ ಬಂತು. ಹಾಳು ಮದುವೆ ಫಲಿಸಿತ್ತು. ಮೋರಿಯಿಂದ, ತೋಟದಿಂದ, ರಸ್ತೆಯಾಚೆಯಿಂದ ವಟವಟ ಎದ್ದಿತು. ಹೊಂಡದಲ್ಲಿ ಬರೀ ಮಳೆಯ ಸದ್ದು.

ಹಿತ್ತಿಲ ದೀಪ ಹತ್ತಿತು. ಕಿಟಕಿ ಮುಚ್ಚಿಕೊಂಡಿತು.

ಆ ಬೆಳಕಿನಲ್ಲಿ ಶಿವನಂಜಪ್ಪ ನೆನೆಯುತ್ತ ಕುಕ್ಕರಗಾಲಲ್ಲಿ ಕೂತ. ಮಡಕೆಯ ಬಾಯಿಗೆ ಬಾಯಿಟ್ಟು, ತಾನು ಕಲಿತದ್ದನ್ನೆಲ್ಲ ನೆನೆದು, ಗಂಡುಕಪ್ಪೆಯ ಹಾಗೆ ಕೂಗಿದ. ಮಡಕೆ ಅವನದೇ ದನಿಯನ್ನು ಮರಳಿಸಿತು. ಇನ್ನಷ್ಟು ಗಟ್ಟಿಯಾಗಿ ಕೂಗಿದ.

ಊರಿನ ಕಪ್ಪೆಗಳೆಲ್ಲ ಒಟ್ಟಿಗೆ ಸುಮ್ಮನಾದವು.