ಗಡವನಿಗೆ ಎರಡು ಬೇಲಿ

ಬೀದಿಯವರೆಲ್ಲ ಅವಳನ್ನು ಪರದೆಯಕ್ಕ ಎನ್ನುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುವ ಈ ಹೆಂಗಸಿಗೆ ಹುಟ್ಟಿದಾಗಿನಿಂದ ಯಾರಿಗೂ ‘ಇಲ್ಲ’ ಅಂದು ಗೊತ್ತಿಲ್ಲ. ಗಿರಾಕಿ ಒಂದು ಕೈಯಲ್ಲಿ ನೀಲಿ ಬಟ್ಟೆ, ಇನ್ನೊಂದು ಕೈಯಲ್ಲಿ ಹಸಿರು ಬಟ್ಟೆ ಹಿಡಿದು ಯಾವುದು ಚೆನ್ನ ಎಂದು ಕೇಳಿದರೆ ಎರಡೂ ಚೆನ್ನಾಗಿವೆ ಎನ್ನುತ್ತಾಳೆ. ನೀಲಿಯನ್ನು ಎತ್ತಿಕೊಂಡರೆ ‘ನಾನೂ ಅದನ್ನೇ ಅಂದ್ಕೊಂಡಿದ್ದೆ’ ಎನ್ನುತ್ತಾಳೆ. ಮರುದಿನ ಮನಸ್ಸು ಬದಲಾಯಿಸಿ ಹಸಿರು ಕೇಳಲು ಬಂದರೂ ಅದೇ ಮಾತು. ಸುಳ್ಳು ಹೇಳುತ್ತಾಳೆಂದಲ್ಲ. ಎದುರಿಗಿದ್ದವರ ಮುಖ ಸಪ್ಪಗಾಗುವುದನ್ನು ನೋಡಲಾರಳು, ಅಷ್ಟೇ. ಪರದೆಯ ವಿಷಯದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನಾಯಿಯ ವಿಷಯದಲ್ಲಿ ಆಯಿತು.

ನಾಯಿಯ ಹೆಸರು ಗಡವ. ಹೆಸರಿಗೆ ತಕ್ಕ ಮೈ ಇತ್ತು, ಮೈಗೆ ತಕ್ಕ ಬುದ್ಧಿ ಇರಲಿಲ್ಲ. ಯಾರನ್ನೂ ಕಚ್ಚಿದವನಲ್ಲ. ಅವನದು ಪ್ರೀತಿಯ ಕಾಯಿಲೆ: ಗುರುತಿನವರು ಕಂಡರೆ ಸಾಕು, ಓಡಿಹೋಗಿ ಎರಡೂ ಮುಂಗಾಲುಗಳನ್ನು ಅವರ ಎದೆಗೇ ಕೊಡಬೇಕು. ಅದೇ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರೇ ಇರುವ ನಿವೃತ್ತ ಟೀಚರ್ ಒಂದು ಸಂಜೆ ನಡೆದಾಡಲು ಹೊರಟಿದ್ದಾಗ ಅವರಿಗೂ ಹಾಗೇ ಕೊಟ್ಟ. ಟೀಚರ್ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ಪರದೆಯಕ್ಕ ಹಣ್ಣು ತೆಗೆದುಕೊಂಡು ನೋಡಲು ಹೋದಳು. ಬೈದಿದ್ದರೆ ಬೈಸಿಕೊಂಡು ಹಗುರಾಗಿ ಬರಬಹುದಿತ್ತು. ಟೀಚರ್ ಬೈಯಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ತರಗತಿಯಲ್ಲಿ ಲೆಕ್ಕ ಬಿಡಿಸುವಷ್ಟು ಸಮಾಧಾನದಿಂದ ಹೇಳಿದರು.

“ನೋಡಮ್ಮ, ಮುರಿದದ್ದು ಮುರೀತು. ನಿನ್ನಿಂದ ನಂಗೇನೂ ಬೇಡ. ಆದರೆ ಇನ್ನೊಂದ್ಸಲ ಅದು ಬೀದಿಗೆ ಬಂದ್ರೆ ದೂರದವರಿಗೆ ಯಾರಿಗಾದ್ರೂ ಕೊಟ್ಟುಬಿಡ್ತೀಯಾ?”

“ಕೊಟ್ಟುಬಿಡ್ತೀನಿ ಟೀಚರ್.”

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಂದ ಜಾರಿತ್ತು. ಮನೆಗೆ ಬಂದ ಮೇಲೆ ತಾನು ಏನೆಂದೆ ಎನ್ನುವುದು ಅವಳ ತಲೆಗೆ ಹೋಯಿತು. ಗಡವ ಎಂದಿನಂತೆ ಬಂದು ಯಂತ್ರದ ಕೆಳಗೆ, ಅವಳ ಪಾದಕ್ಕೆ ಬೆನ್ನು ತಾಗಿಸಿ ಮಲಗಿದ. ಅಂಗೈಯಷ್ಟು ಮರಿಯಾಗಿದ್ದಾಗಿನಿಂದ ಅವನಿಗೆ ಅದೇ ಜಾಗ. ಮಕ್ಕಳಿಲ್ಲದ ಮನೆ, ಗಂಡ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಇವನನ್ನು ಕೊಟ್ಟರೆ ದಿನವಿಡೀ ಆ ಕೋಣೆಯಲ್ಲಿ ಉಸಿರಾಡುವ ಇನ್ನೊಂದು ಜೀವವೇ ಇರುವುದಿಲ್ಲ. ಅವಳು ಅರ್ಧ ಹೊಲಿದ ಪರದೆಯಲ್ಲೇ ಮುಖ ಒರೆಸಿಕೊಂಡು ಅತ್ತಳು. ಆಮೇಲೆ ಆ ಪರದೆಯನ್ನು ಒಗೆಯಬೇಕಾಯಿತು.

ಅಂತೂ ಬೇಲಿ ಆಗಲೇಬೇಕು. ಎಂಥ ಬೇಲಿ ಎನ್ನುವುದೇ ಪೇಚಾಟ.

ಗಂಡ ವೆಲ್ಡಿಂಗ್ ಕೆಲಸದವನು. ಗೇಟು, ಗ್ರಿಲ್ಲು, ಜಾಲರಿ ಬೇಲಿ ಇವೇ ಅವನ ಅನ್ನ. ಕಬ್ಬಿಣದಿಂದ ಬಗೆಹರಿಯದ ಸಮಸ್ಯೆ ಲೋಕದಲ್ಲಿ ಇದೆ ಎಂದು ಅವನು ಇನ್ನೂ ಒಪ್ಪಿಲ್ಲ. “ಎದೆ ಮಟ್ಟದ ಜಾಲರಿ, ಒಂದು ಗೇಣು ನೆಲದೊಳಗೆ. ಹಾರೋಕೂ ಆಗಲ್ಲ, ಅಗೆಯೋಕೂ ಆಗಲ್ಲ. ಏನಂತೀಯ?” ಎಂದು ಕೇಳಿದ. ಅವಳು “ನೀವು ಹೇಳಿದ್ಮೇಲೆ ಮುಗೀತಲ್ಲ” ಎಂದಳು.

ತಮ್ಮ ಎಲೆಕ್ಟ್ರಿಷಿಯನ್. ಮನೆಯಲ್ಲಿ ಕರೆಯುವುದು ಪುಟ್ಟ ಎಂದು, ತಲೆಗೂದಲು ಅರ್ಧ ಹೋಗಿದ್ದರೂ. ಕ್ಯಾಮೆರಾ, ಕಾಲಿಂಗ್ ಬೆಲ್ಲು ಹಾಕುತ್ತಿದ್ದವನು ಈಚೆಗೆ ನಾಯಿಗಳ ಕರೆಂಟು ಬೇಲಿಯನ್ನೂ ಹಾಕಲು ಶುರು ಮಾಡಿದ್ದ. ಅಂಗಳದ ಸುತ್ತ ನೆಲದೊಳಗೆ ತಂತಿ ಹೂಳುವುದು, ನಾಯಿಯ ಕೊರಳಿಗೆ ಒಂದು ಬೆಲ್ಟು ಕಟ್ಟುವುದು. ನಾಯಿ ತಂತಿಯ ಹತ್ತಿರ ಹೋದರೆ ಬೆಲ್ಟು ಮೊದಲು ಪೀಂ ಎನ್ನುತ್ತದೆ. ಕೇಳದೆ ಮುಂದೆ ಹೋದರೆ ಚುರ್ ಎನ್ನಿಸುತ್ತದೆ. “ಅಕ್ಕಾ, ಕಣ್ಣಿಗೆ ಕಾಣೋದೇ ಇಲ್ಲ. ಅಂಗಳದ ಅಂದಾನೂ ಕೆಡಲ್ಲ. ಭಾವ ಜಾಲರಿ ಹಾಕಿದ್ರೆ ಮನೆ ಕೋಳಿಗೂಡು ಆಗುತ್ತೆ, ಅಷ್ಟೇ,” ಎಂದ. ಅವಳು ನಕ್ಕು “ಅದೂ ನಿಜ ಕಣೋ” ಎಂದಳು.

ಎಷ್ಟು ನೋವಾಗುತ್ತದೆ ಎಂದು ನೋಡಲು ಬೆಲ್ಟನ್ನು ತನ್ನ ಮುಂಗೈಗೇ ತಾಗಿಸಿಕೊಂಡು ತಮ್ಮನಿಂದ ಗುಂಡಿ ಒತ್ತಿಸಿದಳು. ಕೆಂಪಿರುವೆ ಕಚ್ಚಿದಂತಾಯಿತು. ಇಷ್ಟೇನಾ ಅನ್ನಿಸಿತು. ಇರುವೆಯಾದರೆ ಕೊಡವಿಕೊಳ್ಳಬಹುದು, ಇದನ್ನು ಅವನು ಹೇಗೆ ಕೊಡವಿಕೊಂಡಾನು ಎಂದೂ ಅನ್ನಿಸಿತು. ಜಾಲರಿಯಾದರೆ ನೋವಿಲ್ಲ. ಆದರೆ ಗೇಟು ಮುಚ್ಚುವುದನ್ನು ಯಾರಾದರೂ ಮರೆತರೆ ಅಲ್ಲಿಗೆ ಕತೆ ಮುಗಿಯಿತು. ತಂತಿಗೆ ಮರೆವಿಲ್ಲ, ಆದರೆ ಕರೆಂಟು ಹೋದರೆ? ಬ್ಯಾಟರಿ ಸತ್ತರೆ? ಬೀದಿ ನಾಯಿ ಒಳಗೆ ನುಗ್ಗಿದರೆ ತಂತಿ ಅದನ್ನು ತಡೆಯುವುದಿಲ್ಲವಲ್ಲ? ಯೋಚಿಸಿದಷ್ಟೂ ಗೋಜಲಾಯಿತು. ಒಂದು ಪರದೆಗೆ ಎರಡು ಕಡೆಯೂ ಮಡಿಕೆ ಹೊಲಿದುಬಿಟ್ಟು, ಕಂಬಿ ತೂರಿಸಬೇಕಾದದ್ದು ಯಾವ ಕಡೆ ಎಂದು ನೋಡುತ್ತ ಕೂತಳು.

ಇಬ್ಬರಿಗೂ ಹೂಂ ಎಂದಿದ್ದರಿಂದ ಇಬ್ಬರೂ ಕೆಲಸ ಶುರು ಮಾಡಿದರು. ಗಂಡ ಒಂದು ಸಂಜೆ ಕಂಬಗಳ ಗುಂಡಿಗೆ ಸುಣ್ಣದಲ್ಲಿ ಗುರುತು ಹಾಕಿಹೋದ. ಮರುದಿನ ಅವನು ಬರುವಷ್ಟರಲ್ಲಿ ಆ ಗುರುತಿನ ಗುಂಟ ಪುಟ್ಟನ ಹಳದಿ ಬಾವುಟಗಳು ನಿಂತಿದ್ದವು. ನಾಯಿಗೆ ಗಡಿ ಕಲಿಸಲು ಮೊದಮೊದಲು ಆ ಸಣ್ಣ ಬಾವುಟಗಳನ್ನು ನೆಡುತ್ತಾರೆ.

“ಯಾರನ್ನ ಕೇಳಿ ಹಾಕಿದೆ?” ಎಂದ ಗಂಡ.

“ಅಕ್ಕನ್ನ ಕೇಳಿ.”

“ನಿನ್ನ ಅಕ್ಕಾನೇ ನಂಗೂ ಹೂಂ ಅಂದಿದ್ದು.”

ಮಾತಿಗೆ ಮಾತು ಬೆಳೆಯಿತು. ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂದು ತಮ್ಮ, ನಾಯಿಗೆ ಕರೆಂಟು ಕೊಡುವವನು ಮನುಷ್ಯನೇ ಅಲ್ಲ ಎಂದು ಗಂಡ. ಕೊನೆಗೆ ಇಬ್ಬರೂ ಅವಳತ್ತ ತಿರುಗಿ ನಿಂತರು. ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು.

“ಎರಡೂ ಇರಲಿ ಬಿಡಿ,” ಎಂದಳು.

ಹಾಗಾಗಿ ಎರಡೂ ಆಯಿತು. ತಂತಿ ನೆಲದೊಳಗೆ ಹೋಯಿತು, ಅದರಿಂದ ಆಚೆಗೆ ಕಂಬಗಳು ಎದ್ದವು, ಜಾಲರಿ ಬಿಗಿಯಾಯಿತು. ಪರದೆಯಕ್ಕ ಬೆಳಿಗ್ಗೆ ಸಂಜೆ ಗಡವನನ್ನು ಹಗ್ಗ ಹಿಡಿದು ಬಾವುಟದವರೆಗೆ ನಡೆಸಿ, ಪೀಂ ಎಂದೊಡನೆ ಹಿಂದಕ್ಕೆ ತಿರುಗಿಸುವುದನ್ನು ಕಲಿಸಿದಳು. ಅವನು ಕಲಿತ. ಕಲಿತ ಮೇಲೆ ಬಾವುಟದ ಮುಂದೆ ಕೂತು ಒಮ್ಮೆ ಅದನ್ನು, ಒಮ್ಮೆ ಅವಳನ್ನು ನೋಡುತ್ತಿದ್ದ. ತನ್ನಿಂದ ಏನು ತಪ್ಪಾಯಿತು ಎಂದು ಕೇಳುವಂತಿತ್ತು ಆ ನೋಟ. ಕಲಿಕೆ ಮುಗಿಯಿತೆಂದು ಪುಟ್ಟ ಬಂದು ಬಾವುಟಗಳನ್ನು ಕಿತ್ತುಕೊಂಡು ಹೋದ.

ಇನ್ನು ಈ ಭಾವ ಭಾವಮೈದರ ಒಂದು ಗುಣ ಹೇಳಲೇಬೇಕು. ಜಗಳ ಆಡುವಾಗ ಇಬ್ಬರಿಗೂ ನಾಲಗೆಯ ಮೇಲೆ ಹಿಡಿತವಿಲ್ಲ. ಜಗಳ ತಣ್ಣಗಾದ ಮೇಲೆ ಇಬ್ಬರಿಗೂ ಎಲ್ಲಿಲ್ಲದ ನಾಚಿಕೆ. ಆಗ ಶುರುವಾಗುವ ಉಪಚಾರವನ್ನು ನೋಡಲಾಗುವುದಿಲ್ಲ. ಕೊನೆಯ ಚಪಾತಿ ನೀ ತಗೋ, ಬೇಡ ನೀವು ತಗೊಳ್ಳಿ ಎಂದು ತಳ್ಳಾಡಿ, ಅದು ಗಡವನ ಪಾಲಾದದ್ದೂ ಉಂಟು.

ಈ ಸಲವೂ ಹಾಗೇ ಆಯಿತು. ಒಂದು ಬೆಳಿಗ್ಗೆ ಗಂಡ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ದನಿ ತಗ್ಗಿಸಿ ಹೇಳಿದ: “ಗೇಟು ರೆಡಿ ಇದೆ ಕಣೇ, ಆದರೆ ಸದ್ಯ ಹಾಕಲ್ಲ. ಪುಟ್ಟ ಅಷ್ಟು ಕಷ್ಟಪಟ್ಟು ತಂತಿ ಹೂತಿದಾನೆ. ಗೇಟು ಹಾಕಿದ್ರೆ ಅವನ ಕೆಲಸ ನಂಬಲಿಲ್ಲ ಅಂದ್ಕೋತಾನೆ. ಹೇಗೂ ಬೆಲ್ಟ್ ಇದೆಯಲ್ಲ.” ಅವಳು ಬಟ್ಟೆ ಅಳೆಯುತ್ತಿದ್ದಳು. ಗಂಡನ ಒಳ್ಳೆಯತನಕ್ಕೆ ಮನಸ್ಸು ತುಂಬಿ ಬಂತು. “ಒಳ್ಳೇದಾಯ್ತು ಬಿಡಿ,” ಎಂದಳು.

ಮರುದಿನ ತಮ್ಮ ಬಂದ. ಗಡವನ ಕೊರಳಿನ ಬೆಲ್ಟು ಬಿಚ್ಚಿ ಅವಳ ನೂಲಿನ ಡ್ರಾಯರಿನಲ್ಲಿಟ್ಟ. “ಭಾವ ಅಷ್ಟು ಗಟ್ಟಿ ಜಾಲರಿ ಹಾಕಿರೋವಾಗ, ಇವತ್ತೋ ನಾಳೆಯೋ ಗೇಟೂ ಹಾಕೋವಾಗ ಇದ್ಯಾಕಕ್ಕ? ಅವರಿಗೆ ಅವಮಾನ ಮಾಡಿದ ಹಾಗೆ ಆಗುತ್ತೆ. ಅವರಿಗೆ ಹೇಳ್ಬೇಡ, ಸುಮ್ನೆ ಸಂಕೋಚ ಪಟ್ಕೋತಾರೆ.” ತಮ್ಮ ಎಷ್ಟು ದೊಡ್ಡವನಾದ ಎಂದು ಅವಳ ಕಣ್ಣು ಒದ್ದೆಯಾಯಿತು. “ಒಳ್ಳೇದಾಯ್ತು ಕಣೋ,” ಎಂದಳು.

ಎರಡೂ ಮಾತು ಅವಳ ಕಿವಿಗೇ ಬಿದ್ದಿದ್ದವು. ಎರಡಕ್ಕೂ ಅವಳೇ ಹೂಂ ಎಂದಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಗಡವನಿಗೆ ಹೊಳೆಯಿತು. ಕೊರಳು ಹಗುರಾದದ್ದು ಕೊರಳಿನವನಿಗೆ ಗೊತ್ತಾಗದೆ ಇರುತ್ತದೆಯೇ? ಮೊದಲ ದಿನ ಅಂಗಳದ ಅಂಚಿಗೆ ಹೋಗಿ ಪೀಂ ಎನ್ನುವುದಕ್ಕೆ ಕಾದ. ಅನ್ನಲಿಲ್ಲ. ಮರುದಿನ ಸಂಜೆ, ಗೇಟು ಇರಬೇಕಾದ ಕಡೆ ಬಾಯಿ ತೆರೆದುಕೊಂಡಿದ್ದ ಜಾಗದ ಆಚೆಗೆ ಟೀಚರ್ ನಡೆದು ಹೋಗುತ್ತಿದ್ದರು.

“ಅಯ್ಯೋ!” ಎಂಬ ಕೂಗು ಕೇಳಿ ಪರದೆಯಕ್ಕ ಅಳತೆ ಟೇಪು ಕೊರಳಲ್ಲಿರುವಂತೆಯೇ ಬೀದಿಗೆ ಓಡಿದಳು. ಟೀಚರ್ ಎದುರು ಮನೆಯ ಗೋಡೆಗೆ ಬೆನ್ನು ಒತ್ತಿ ನಿಂತಿದ್ದರು. ಪ್ಲಾಸ್ಟರ್ ಹಾಕಿದ ಕೈಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದಿದ್ದರು. ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು. ಗಡವ ಹಾರಿರಲಿಲ್ಲ, ಅವರ ಕಾಲಿನ ಬಳಿ ಕೂತು ಬಾಲದಿಂದ ರಸ್ತೆ ಗುಡಿಸುತ್ತಿದ್ದ. ಆದರೂ ಟೀಚರ್ ಗಡಗಡ ನಡುಗುತ್ತಿದ್ದರು. ಅಷ್ಟು ನೆಟ್ಟಗೆ ನಡೆಯುವ ಹೆಂಗಸು ಹಾಗೆ ನಡುಗುವುದನ್ನು ನೋಡಿ ಪರದೆಯಕ್ಕನಿಗೆ ಭೂಮಿಗೆ ಇಳಿದುಹೋದಂತಾಯಿತು. ಗಡವನ ಕುತ್ತಿಗೆಯ ಚರ್ಮ ಹಿಡಿದು ಎಳೆದುಕೊಂಡಳು.

ಆಗಷ್ಟೇ ಟೀ ಕುಡಿಯುತ್ತ ಒಳಗೆ ಕೂತಿದ್ದ ಗಂಡ, ತಮ್ಮ ಇಬ್ಬರೂ ಹಿಂದೆಯೇ ಓಡಿಬಂದರು.

“ತಪ್ಪು ನಂದು ಟೀಚರ್, ನಾನು ಗೇಟ್ ಹಾಕ್ಬೇಕಿತ್ತು,” ಎಂದ ಗಂಡ.

“ಇಲ್ಲ ಭಾವ, ತಪ್ಪು ನಂದು. ಬೆಲ್ಟ್ ಬಿಚ್ಚಿದ್ದು ನಾನು.”

“ನೀನು ಸುಮ್ನಿರೋ. ಗೇಟ್ ಇದ್ದಿದ್ರೆ ಬೆಲ್ಟ್ ಯಾಕೆ ಬೇಕಿತ್ತು?”

“ನೀವು ಯಾಕೆ ಮೈಮೇಲೆ ಎಳ್ಕೋತೀರ ಭಾವ...”

ತಪ್ಪು ಕೂಡ ಕೊನೆಯ ಚಪಾತಿಯಾಯಿತು. ಟೀಚರ್ ಕಣ್ಣು ತೆರೆದರು. ಇಬ್ಬರನ್ನೂ ಬಿಟ್ಟು ಪರದೆಯಕ್ಕನನ್ನು ನೋಡಿದರು.

“ಗೇಟಿಲ್ಲ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಟೀಚರ್.”

“ಬೆಲ್ಟಿಲ್ಲ ಅಂತ?”

“ಅದೂ ಗೊತ್ತಿತ್ತು.” ಹೇಳುವಾಗಲೇ ಅವಳಿಗೆ ಅರ್ಥವಾದದ್ದು.

“ನೀನು ಮಾತು ಕೊಟ್ಟಿದ್ದೆ.”

“ಕೊಟ್ಟಿದ್ದೆ.”

“ಹಾಗಾದ್ರೆ?”

ಅವಳು ಬಾಯಿ ತೆರೆದಳು. ಹೂಂ ಎನ್ನುವುದಕ್ಕೇ ತೆರೆದಿದ್ದು; ಅದು ಅವಳ ಬಾಯಿಯ ಅಭ್ಯಾಸ. ಕೈಯಡಿಯಲ್ಲಿ ಗಡವನ ಬೆಚ್ಚನೆಯ ಕುತ್ತಿಗೆ ಏರಿಳಿಯುತ್ತಿತ್ತು.

“ಕೊಡಲ್ಲ ಟೀಚರ್.”

ಗಂಡ, ತಮ್ಮ ಇಬ್ಬರೂ ಅವಳನ್ನು ಹೊಸಬಳೆಂಬಂತೆ ನೋಡಿದರು. ಅವಳಿಗೇ ತನ್ನ ದನಿ ಹೊಸದಾಗಿ ಕೇಳಿಸಿತು. ಇಲ್ಲ ಎನ್ನಬೇಕಾದ ಕಡೆಯೆಲ್ಲ ಹೂಂ ಎನ್ನುತ್ತ ಬಂದವಳು, ಹೂಂ ಎನ್ನಲೇಬೇಕಾದ ಒಂದು ಕಡೆ ಇಲ್ಲ ಎಂದಿದ್ದಳು. ಅದು ತಪ್ಪೆಂದು ಅವಳಿಗೆ ಗೊತ್ತಿತ್ತು. ಆದರೂ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

“ಏನು ಮಾಡಿದ್ರೆ ನೀವು ಧೈರ್ಯವಾಗಿ ಓಡಾಡಬಹುದು, ಹೇಳಿ. ಅದನ್ನ ಮಾಡ್ತೀನಿ,” ಎಂದಳು.

ಟೀಚರ್ ನಕ್ಕರು. ಒಳ್ಳೆಯ ನಗುವಲ್ಲ. “ಈಗ ಕೇಳ್ತಿದ್ದೀಯ. ಮಣ್ಣೊಳಗೆ ತಂತಿ ಇದೆ ಅಂತ ನಿಮ್ಮ ನಾಯಿಗೆ ಗೊತ್ತು. ನಂಗೆ ಹೇಗಮ್ಮ ಗೊತ್ತಾಗ್ಬೇಕು? ಬಾವುಟ ಇತ್ತು, ಅದನ್ನೂ ಕಿತ್ತರು. ದಿನಾ ನಿಮ್ಮನೆ ಬಂತು ಅಂದ್ರೆ ಎದೆ ಹೊಡ್ಕೊಳ್ಳುತ್ತೆ, ಎದುರು ಸಾಲಿಗೆ ದಾಟ್ಕೋತೀನಿ. ನೀವು ಮೂರು ಜನ ಇಷ್ಟು ದಿನ ನೋಡಿದ್ದು ಒಬ್ಬರಿಗೊಬ್ಬರು ಬೇಜಾರಾಗ್ಬಾರ್ದು ಅಂತ. ಮುರಿದಿದ್ದು ನನ್ನ ಕೈ.”

ಅಷ್ಟು ಹೇಳಿ ಗೋಡೆ ಹಿಡಿದುಕೊಂಡೇ ಮನೆಯ ಕಡೆ ಹೋದರು. ಜೊತೆಗೆ ಬರುತ್ತೇನೆ ಎಂದವಳಿಗೆ ಬೇಡ ಎಂದು ಕೈ ಬೀಸಿದರು.

ಪರದೆಯಕ್ಕ ಒಳಗೆ ಬಂದು ಡ್ರಾಯರಿನಿಂದ ಬೆಲ್ಟು ತೆಗೆದು ತಮ್ಮನ ಕೈಗೆ ಕೊಟ್ಟಳು. “ಇದು ಬೇಡ ಪುಟ್ಟ. ತಗೊಂಡು ಹೋಗು.” ತಮ್ಮನ ಮುಖ ಸಪ್ಪಗಾಯಿತು. ಅವಳು ನೋಡಿದಳು. ನೋಡುವುದು ಕಷ್ಟವಾಯಿತು, ಆದರೂ ಸಮಾಧಾನದ ಒಂದು ಮಾತೂ ಸೇರಿಸಲಿಲ್ಲ. ಗಂಡ “ಪಾಪ, ಅವನ ತಂತಿನೂ ಇರಲಿ...” ಎಂದು ಶುರು ಮಾಡಿದ.

“ರೀ, ಗೇಟು. ಈಗಲೇ,” ಎಂದಳು.

ಕತ್ತಲಾಗುವ ಮೊದಲೇ ಭಾವ ಹಿಡಿದ ಗೇಟಿಗೆ ಭಾವಮೈದ ಬೋಲ್ಟು ಬಿಗಿದ.

ಮರುದಿನ ಸಂಜೆ ಅವಳು ಹೊಲಿಗೆ ಬಿಟ್ಟು ಕಿಟಕಿಯ ಬಳಿಯೇ ಕೂತಿದ್ದಳು. ಟೀಚರ್ ಬರಲಾರರು ಎಂದುಕೊಂಡಿದ್ದಳು. ಬಂದರು. ಗೇಟಿನ ಮುಂದೆ ನಿಂತರು. ಗಡವ ಒಳಗಿನಿಂದ ಓಡಿಹೋಗಿ ಎರಡೂ ಮುಂಗಾಲುಗಳನ್ನು ಜಾಲರಿಗೆ ಕೊಟ್ಟ. ಟೀಚರ್ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮುಂದೆ ಬಂದು, ಸರಿಯಿದ್ದ ಎಡಗೈಯಿಂದ ಗೇಟನ್ನು ಒಮ್ಮೆ ತಳ್ಳಿದರು. ಹೆಗಲು ಕೊಟ್ಟು ಇನ್ನೊಮ್ಮೆ, ಜೋರಾಗಿ ತಳ್ಳಿದರು. ಚಿಲಕ ಕದಲಲಿಲ್ಲ.

“ಟೀಚರ್,” ಎಂದು ಅವಳು ಕಿಟಕಿಯಿಂದ ಕರೆದಳು. ಅವರು ತಿರುಗಿ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, ಎದುರು ಸಾಲಿಗೆ ದಾಟದೆ, ಜಾಲರಿಯ ಪಕ್ಕದಿಂದಲೇ ನಿಧಾನವಾಗಿ ನಡೆದುಹೋದರು.