ಎಡಭುಜದ ಹೂವು

ಬಲಗಡೆಯ ಹೂವು ಅಲುಗಿದಂತೆ ಕಂಡು ಗೌರಕ್ಕನ ಎದೆ ಬಾಯಿಗೆ ಬಂತು. ಅಲುಗಿದ್ದು ಹೂವಲ್ಲ, ದೀಪದ ನೆರಳು. ಗುಡಿಗೆ ಇನ್ನೂ ಕರೆಂಟು ಬಂದಿರಲಿಲ್ಲ.

ಹಿಂದೂಪುರದ ಆ ವೀರಭದ್ರನ ಹತ್ತಿರ ಹೂ ಕೇಳದೆ ಅವರ ಮನೆಯಲ್ಲಿ ಯಾವ ಮದುವೆಯೂ ಆದದ್ದಿಲ್ಲ. ಪೂಜಾರಿ ಈರಲಿಂಗಪ್ಪ ನೀರಲ್ಲಿ ಅದ್ದಿದ ಎರಡು ಕಣಗಿಲೆ ಹೂವನ್ನು ಸ್ವಾಮಿಯ ಎರಡು ಭುಜಕ್ಕೂ ಅಂಟಿಸಿ ಕೈಕಟ್ಟಿ ನಿಂತಿದ್ದ. ಬಲಗಡೆಯದು ಮೊದಲು ಬಿದ್ದರೆ ಮದುವೆ. ಎಡಗಡೆಯದು ಬಿದ್ದರೆ ಗಂಡಿನ ಕಡೆಯವರಿಗೆ ಕಲ್ಯಾಣದುರ್ಗದ ಬಸ್ಸು. ಗಂಡು ಆದಿನಾರಾಯಣ ಅಲ್ಲಿನ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ನಿನ್ನೆ ಹೆಣ್ಣು ನೋಡಲು ಬಂದವನು ನಾಚಿಕೆಯಿಲ್ಲದೆ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದ. ಇವನೇ ಆಗಲಿ ಎಂದು ಗೌರಕ್ಕನ ಮನಸ್ಸು ಅಲ್ಲೇ ಕೂತುಬಿಟ್ಟಿತ್ತು.

ದೊಡ್ಡವರು ಕಣ್ಣುಮುಚ್ಚಿ ಕೈಮುಗಿದಿದ್ದಾಗ ಅವನು ಕಂಬದ ಪಕ್ಕಕ್ಕೆ ಸರಿದು ಅವಳಿಗೆ ಪಿಸುಗುಟ್ಟಿದ.

"ಎಡಗಡೇದೇ ಬೀಳ್ತದೆ ನೋಡ್ತಿರಿ. ಆ ಕಡೆ ದೀಪದ ಕಾವೈತೆ, ನೀರು ಬೇಗ ಆರ್ತದೆ."

ಮೇಷ್ಟ್ರ ಬಾಯಿ. ನಿಜವಾದರೆ ಸಾಕು, ಹೊತ್ತುಗೊತ್ತು ನೋಡುವುದಿಲ್ಲ.

"ಅಂಗಾರೆ ನಮ್ಮ ಮದ್ವೆ ದೀಪದ ಕೈಯಾಗೈತಾ?"

"ಎಲ್ಲಾ ಅಷ್ಟೇ ಕಣ್ರೀ. ಕಲ್ಲಾಗ್ಲಿ, ನಕ್ಷತ್ರ ಆಗ್ಲಿ, ಹಿಂದಿಂದು ತಳ್ಳಿದ ಕಡೀಕೇ ಹೋಗೋದು. ನಮ್ಮ ಮಿದುಳೂ ಅದೇ ಅಣುಗಳೇ. ನಾವಾಗಿ ಆರಿಸ್ತೀವಿ ಅನ್ನೋದು ಬರೀ ಭ್ರಮೆ."

ಗೌರಕ್ಕನಿಗೆ ರೇಗಿತು. "ನಿನ್ನೆ ನನ್ನ ಒಪ್ಪಿದ್ದೂ ಅಣುಗಳೇನಾ? ಹೋಗಿ, ಅವುನ್ನೇ ಕಟ್ಕಳ್ಳಿ. ನನಗೆ ನನ್ನ ಬೇಕು ಅನ್ನೋ ಮನುಷ್ಯ ಬೇಕು."

ಅವನು ಬಾಯಿ ತೆರೆದ. ಅಷ್ಟರಲ್ಲಿ ಎಡಗಡೆಯ ಹೂವು ಬಿತ್ತು.

"ಅಯ್ಯೋ ದೇವುಡಾ!" ಎಂದು ಅವನ ತಾಯಿ ಪೆದ್ದಕ್ಕ ಗಲ್ಲ ಬಡಿದುಕೊಂಡಳು.

"ಸ್ವಾಮಿ ಒಲ್ಲೆ ಅಂದ್ಬುಟ್ಟ ಕಣಮ್ಮ, ಇನ್ನೇನು ಮಾಡಾಕಾಯ್ತದೆ," ಎಂದು ಗೌರಕ್ಕನ ಅಪ್ಪ ಬೈಲಪ್ಪ ತಲೆ ತಗ್ಗಿಸಿ ಹೊರಗೆ ನಡೆದ. ಪೆದ್ದಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡು ಮಗನನ್ನು ಕರೆದಳು. ಮಗ ಕದಲಲಿಲ್ಲ.

"ಹೋಗಾಕಿಲ್ವಾ? ತಳ್ಳಿದ ಕಡೀಕೆ ಹೋಗ್ಬೇಕಲ್ವಾ?" ಎಂದಳು ಗೌರಕ್ಕ.

"ಅಮ್ಮ, ಬಸ್ಸು, ಸ್ವಾಮಿ, ಎಲ್ರೂ ತಳ್ತಾ ಅವ್ರೆ. ಆದ್ರೂ ಹೋಗಾಕೆ ಇಷ್ಟ ಇಲ್ಲ."

"ಯಾರಿಗೆ?"

"ನನಗೆ." ಮೇಷ್ಟ್ರ ಕಿವಿ ಕೆಂಪಾಯಿತು. "ನನಗೇ ಕಣ್ರೀ. ಯಾಕೆ ಅಂತ ಮಾತ್ರ ಕೇಳ್ಬೇಡಿ."

ಗೌರಕ್ಕನಿಗೆ ನಗು ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ಮಾತಿಗೆ ಎದುರಾಡದವಳು ಗುಡಿಯ ಬಾಗಿಲಿಗೆ ಹೋಗಿ ನಿಂತಳು. ಒಳಗೆಲ್ಲ ಸಂತೋಷವೇ ಸಂತೋಷ.

"ಅಪ್ಪಾ, ಸ್ವಾಮಿ ತನ್ನ ಮಾತು ಹೇಳ್ದ. ನನ್ನ ಮಾತು ಯಾರೂ ಕೇಳ್ನಿಲ್ಲ. ನಾನು ಇವ್ರನ್ನೇ ಮದ್ವೆ ಆಯ್ತೀನಿ."

ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ಬೈಲಪ್ಪ ದಿಕ್ಕುತೋಚದೆ ಪೂಜಾರಿಯ ಮುಖ ನೋಡಿದ.

"ಹೂವಿನ ಮಾತು ಮೀರಿದೋರ್ನ ನಾನು ಕಂಡಿಲ್ಲ ಕಣಪ್ಪ," ಎಂದ ಈರಲಿಂಗಪ್ಪ. "ಮೀರಬ್ಯಾಡಿ ಅಂತ ಸ್ವಾಮಿ ಹೇಳಿದ್ದೂ ಕೇಳಿಲ್ಲ."

ಪೆದ್ದಕ್ಕ ಕಿಸಕ್ಕನೆ ನಕ್ಕು, ಅಲ್ಲೇ ಗೋಡೆಗೊರಗಿ ಕೂತಳು. ಬೈಲಪ್ಪ ನಗಲಿಲ್ಲ. ಮಗಳ ಕಡೆ ನೋಡಿದ. ಆಮೇಲೆ ಮೆಟ್ಟಿಕೊಂಡಿದ್ದ ಒಂದು ಚಪ್ಪಲಿಯನ್ನು ಕಳಚಿ, ಇನ್ನೂ ಮೆಟ್ಟದೆ ಬಿಟ್ಟಿದ್ದ ಇನ್ನೊಂದರ ಪಕ್ಕಕ್ಕೆ ಜೋಡಿಸಿಟ್ಟು, ಒಳಗೆ ಬಂದ.